ಬೂದಿ ಹಚ್ಚಿ ಒರೆಸಿದ ಗುಮ್ಮಟ

ಸುರಪುರದಲ್ಲಿ ನಮ್ಮ ಮನೆ ಗುಡ್ಡದ ಮಗ್ಗುಲಲ್ಲಿದೆ. ಕೆಳಗಿನ ಓಣಿಯಿಂದ ಮೇಲೆ ಬರಲು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಮೆಟ್ಟಿಲು ಮುಗಿಯುವಲ್ಲಿ ಖಾಲಾಳ ಮನೆ, ಅದರ ಬೆನ್ನಿಗೆ ನಮ್ಮದು. ಖಾಲಾ ಎಂದರೆ ಚಿಕ್ಕಮ್ಮ, ಆದರೆ ನಮಗೆ ರಕ್ತಸಂಬಂಧಿಯಲ್ಲ. ಸಂತೆಯಲ್ಲಿ ಕೂತು ಹೆಂಗಸರಿಗೆ ಬಳೆ ತೊಡಿಸುವವಳು. ಅವ್ವ ತೀರಿಹೋದಾಗ ನನ್ನ ಮತ್ತು ತಂಗಿಯ ತಲೆ ಬಾಚಿ ಜಡೆ ಹಾಕಿದವಳು ಅವಳು. ಅವಳ ಬಾಗಿಲ ಮೇಲೆ ಒಂದು ಬಲ್ಬು ರಾತ್ರಿಯಿಡೀ ಉರಿಯುತ್ತಿತ್ತು. ಮೆಟ್ಟಿಲು ಕಾಣುತ್ತಿದ್ದದ್ದು ಆ ಬೆಳಕಿಗೆ. ಅದು ಆರಿದ್ದು ನನ್ನಿಂದ.

ಇದನ್ನು ಹೇಳಬೇಕೆಂದರೆ ಬೂದಿಯಿಂದ ಶುರು ಮಾಡಬೇಕು. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ತಂಗಿ ಬಿಡಲಿಲ್ಲ. ಆಗ ಕರೆಂಟು ಇದ್ದರೂ ಇಲ್ಲದಂತೆಯೇ. ಅವಳು ಕಂದೀಲಿನ ಮುಂದೆ ಕೂತು ಓದುತ್ತಿದ್ದಳು, ಆ ಕಂದೀಲಿನ ಗಾಜು ಒರೆಸುವ ಕೆಲಸ ನನ್ನದು. ತೊಗರಿ ಕಟ್ಟಿಗೆ ಉರಿಸಿದ ಒಲೆಯ ಬೂದಿಯನ್ನು ಹಳೆ ಧೋತರದಲ್ಲಿ ಸೋಸಿ, ಡಬ್ಬಿಯಲ್ಲಿಟ್ಟು, ಹೊತ್ತು ಮುಳುಗುವ ಮುಂಚೆ ಗಾಜಿನೊಳಗೆ ಕೈಹಾಕಿ ತಿಕ್ಕುತ್ತಿದ್ದೆ. ಗಾಜು ಎಷ್ಟು ತಿಳಿಯಾಗುತ್ತಿತ್ತೆಂದರೆ ಅಲ್ಲಿ ಗಾಜಿದೆಯೆಂದೇ ತೋರುತ್ತಿರಲಿಲ್ಲ. ತಂಗಿ ಪಾಸಾದಾಗಲೆಲ್ಲ, ಇದರಲ್ಲಿ ನನ್ನ ಬೂದಿಯ ಪಾಲೂ ಇದೆ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ನನ್ನಲ್ಲಿದ್ದ ಹೆಮ್ಮೆಯೆಂದರೆ ಅದೊಂದೇ.

ತಂಗಿ ಓದುತ್ತಾ ಓದುತ್ತಾ ದೂರದ ಊರಿನ ವಿಶ್ವವಿದ್ಯಾಲಯಕ್ಕೆ ಹೋದಳು. ನಾನು ಇಲ್ಲೇ ಉಳಿದು ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಬಡಿದು, ಒಣಗಿಸಿ, ಖಾನಾವಳಿಗಳಿಗೆ ಕೊಡುವ ಕೆಲಸ ಹಿಡಿದೆ. ಒಂದು ವರ್ಷ ದೀಪಾವಳಿಗೆ ಮುಂಚೆ ಅವಳು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಶಹಾಪುರದ ಮೇಲೆ ಹಾದು ಬರುವ ಬಸ್ಸಿನಲ್ಲಿ ಒಂದು ದೊಡ್ಡ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಕಂಡಕ್ಟರು ಅದನ್ನು ಟಾಪಿನ ಮೇಲೆ ಹಾಕೆಂದರೂ ಕೇಳಿರಲಿಲ್ಲವಂತೆ. ಇಳಿಯುವಾಗ ಅವಳ ಕಾಲಿಗೆ ಜೋಮು ಹಿಡಿದಿತ್ತು.

ಪೆಟ್ಟಿಗೆಯನ್ನು ನಮ್ಮ ಮಾಳಿಗೆಯ ಮೇಲೆ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದಳು. ಅದರ ತಲೆಯ ಮೇಲೆ ಬೋಗುಣಿ ಬೋರಲು ಹಾಕಿದಂತೆ ತಿಳಿಯಾದ ಒಂದು ಗುಮ್ಮಟ. ಗುಮ್ಮಟದೊಳಗೆ ಇಡೀ ಆಕಾಶವನ್ನು ಒಂದೇ ಸಲಕ್ಕೆ ನೋಡುವ ಲೆನ್ಸು, ಅದರ ಕೆಳಗೆ ಬೇಕಾದ ಬಣ್ಣವನ್ನಷ್ಟೇ ಬಿಡುವ ಬಿಲ್ಲೆಗಳು, ಅದಕ್ಕೂ ಕೆಳಗೆ ಕ್ಯಾಮೆರಾ. ಚಂದ್ರನಿಲ್ಲದ ರಾತ್ರಿಗಳಲ್ಲಿ ಅದು ತನ್ನಷ್ಟಕ್ಕೆ ತಾನೇ ಫೋಟೊ ತೆಗೆದು ತಂಗಿಯ ಕಂಪ್ಯೂಟರಿಗೆ ಕಳಿಸುತ್ತಿತ್ತು.

ಆ ಸಂಜೆ ಖಾಲಾ ನೋಡಲು ಬಂದಳು.

“ಏನ್ ಬೇಟಿ ಇದು? ಮಾಳಗಿ ಮ್ಯಾಲ ಗುಂಬಜ್ ಕಟ್ಟೀದಿ!”

ತಂಗಿ ಅವಳ ಕೈಹಿಡಿದು ಮನೆಗೆ ಆತುಕೊಂಡಿದ್ದ ಬಂಡೆಯ ಮೇಲಿಟ್ಟಳು. “ಮುಟ್ಟಿ ನೋಡು ಖಾಲಾ. ಹೊತ್ತು ಮುಳಗಿ ಎಷ್ಟೊತ್ತಾತು, ಕಲ್ಲು ಇನ್ನಾ ಬೆಚ್ಚಗೈತಿಲ್ಲ? ಮ್ಯಾಲ, ಭಾಳ ಮ್ಯಾಲ, ಗಾಳೀನೂ ಹಿಂಗ. ಹಗಲೆಲ್ಲ ಬಿಸಲ ಉಂಡಿರ್ತೈತಿ. ರಾತ್ರಿ ಅದನ್ನ ಬೆಳಕ ಮಾಡಿ ಬಿಡ್ತೈತಿ. ಒಂದು ಹಸರು, ಒಂದು ಕೆಂಪು. ನಮ್ಮ ಕಣ್ಣಿಗೆ ಹತ್ತಂಗಿಲ್ಲ, ಅಷ್ಟು ಮಂದ ಬೆಳಕು. ಅದನ್ನ ಅಳಿಯೂದು ನನ್ನ ಕೆಲಸ.”

“ಹಗಲ ಬಿಡೂದಿಲ್ಲೇನು ಆ ಬೆಳಕು?”

“ಹಗಲೂ ಬಿಡ್ತೈತಿ. ಸೂರ್ಯನ ಮುಂದ ಯಾರಿಗಿ ಕಾಣಬೇಕು?”

“ಟೀವ್ಯಾಗ ತೋರಸ್ತಾರಲ್ಲ, ಹಸರ ಪರದೆ ಹಂಗ ಆಕಾಶ ಅಲ್ಲಾಡೂದು, ಅದ ಏನು ಇದು?”

“ಅದು ಧ್ರುವದ ಕಡಿ. ಅದು ಮದವಿ ಮೆರವಣಿಗಿ ಖಾಲಾ. ಇದು ದಿನಾ ಮನ್ಯಾಗ ಹಚ್ಚೂ ದೀಪ.”

“ಹಂಗಾದ್ರ ನಮ್ಮ ಪಾಲಿಗೆ ಬಡವರ ಬೆಳಕು ಬಂತನ್ನು,” ಎಂದು ಖಾಲಾ ನಕ್ಕಳು.

ನಗುವಿನ ವಿಷಯವಾಗಿರಲಿಲ್ಲ ಅದು. ನಮ್ಮ ಕಡೆ ಆಕಾಶ ತಿಳಿಯಾಗಿರುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ. ಆಮೇಲೆ ಧೂಳು, ಆಮೇಲೆ ಮೋಡ. ಆ ಒಂದು ಚಳಿಗಾಲದ ಅಳತೆಯ ಮೇಲೆ ತಂಗಿಯ ಪಿಎಚ್‌ಡಿ ನಿಂತಿತ್ತು. ಹೊರಡುವ ಮುಂಚೆ ನನಗೆ ಒಂದೇ ಕೆಲಸ ಒಪ್ಪಿಸಿದಳು. “ಸಂಜಿಮುಂದ ಮೆತ್ತನ ಬಟ್ಟಿ ನೀರಿನ್ಯಾಗ ಅದ್ದಿ ಗುಮ್ಮಟದ ಧೂಳ ಒರಸು. ಒತ್ತಬ್ಯಾಡಕ್ಕಾ. ಮತ್ತೇನೂ ಬ್ಯಾಡ.”

ಮತ್ತೇನೂ ಬೇಡ ಎಂದಿದ್ದಳು. ಅವಳು ಹೇಳಿರಲಿಲ್ಲ ಎಂದು ನಾನು ಇವತ್ತಿಗೂ ಹೇಳಲಾರೆ.

ನಮ್ಮ ಬೋರಿನ ನೀರು ಸವಳು. ಒರೆಸಿ ಒಣಗಿದ ಮೇಲೆ ಗುಮ್ಮಟದ ಮೇಲೆ ಬಿಳಿ ಕಲೆ ಕೂರುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ದೀಪಾವಳಿಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಯೆಂದರೆ ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡುವ ದಿನ. ಓಣಿಯ ಆಟೊಗಳಿಗೆ ಸ್ನಾನವಾಗಿ ಲಿಂಬೆಹಣ್ಣು ಕಟ್ಟುತ್ತಾರೆ, ಅಂಗಡಿಯ ತಕ್ಕಡಿಗೆ ವಿಭೂತಿ ಬೀಳುತ್ತದೆ. ನಾನು ರೊಟ್ಟಿ ಸುಡುವ ಹಂಚು ತಿಕ್ಕಿ, ಹಿಟ್ಟು ನಾದುವ ಕೊಣಮಿಗೆ ತೊಳೆದು, ವಿಭೂತಿ ಹಚ್ಚಿದೆ. ಆಗ ಅನ್ನಿಸಿತು, ಮಾಳಿಗೆಯ ಮೇಲೆ ನನ್ನ ತಂಗಿಯ ಸಲುವಾಗಿ ದುಡಿಯುವುದು ಒಂದಿದೆಯಲ್ಲ. ಅವತ್ತು ರಾತ್ರಿ ಚಂದ್ರನಿಲ್ಲ, ಅದಕ್ಕೆ ದೊಡ್ಡ ಕೆಲಸದ ರಾತ್ರಿ. ಅದನ್ನು ಹೀಗೆ ಕಲೆಗಟ್ಟಿದ ಮುಖದಲ್ಲಿ ಬಿಡುವುದೇ?

ಡಬ್ಬಿಯ ಬೂದಿ ತೆಗೆದುಕೊಂಡು ಹತ್ತಿದೆ. ಕಂದೀಲಿನ ಗಾಜು ತಿಕ್ಕಿದ ಕೈ. ದುಂಡಗೆ, ಒತ್ತಿ, ತುದಿಯಿಂದ ಅಂಚಿನವರೆಗೆ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿದೆ. ಕಲೆ ಪೂರಾ ಹೋಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಗುಮ್ಮಟ ಪಳಪಳ ಹೊಳೆಯಿತು. ಒಂದು ಹೂ ಏರಿಸಿ, ಕೈಮುಗಿದು ಇಳಿದೆ.

ಸಂಜೆ ಹೂ ತೆಗೆಯಲು ಹೋದಾಗ ಹೊತ್ತು ಗುಡ್ಡದ ಸಂದಿಗೆ ಇಳಿದಿತ್ತು. ಓರೆ ಬಿಸಿಲು ಗುಮ್ಮಟದ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಕಂಡಿತು. ಕೂದಲಿಗಿಂತ ಸಣ್ಣ ಗೆರೆಗಳು, ದುಂಡಗೆ, ಒಂದರ ಸುತ್ತ ಒಂದು, ನನ್ನ ಕೈ ಆಡಿದ ದಾರಿಯೆಲ್ಲ ಅಲ್ಲಿ ಬರೆದಂತಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ. ಗಾಜಿನಂತೆ ತಣ್ಣಗಿರಲಿಲ್ಲ ಅದು. ಗಾಜಲ್ಲ, ಪ್ಲಾಸ್ಟಿಕ್ಕು. ತಂಗಿ ಒತ್ತಬೇಡವೆಂದದ್ದು ಯಾಕೆಂದು ಆಗ ತಿಳಿಯಿತು.

ಫೋನು ಸೊಂಟದಲ್ಲೇ ಇತ್ತು. ಹೇಳಬಹುದಿತ್ತು. “ಒಂದು ತಪ್ಪಾತು ನೋಡವ್ವಾ” ಎಂದರೆ ಮುಗಿಯುತ್ತಿತ್ತು. ಆದರೆ ಅವಳು ಓದಿದವಳು, ನಾನು ಓದದವಳು. ನಮ್ಮಿಬ್ಬರ ನಡುವೆ ಆ ಮಾತು ಯಾವತ್ತೂ ಬಂದಿರಲಿಲ್ಲ. ಈಗ ಬಂದುಬಿಡುತ್ತದೆ ಎಂದು ಹೆದರಿದೆ. ಅವಳಿಗಾಗಿ ನಾನು ಚೆನ್ನಾಗಿ ಮಾಡಬಲ್ಲ ಒಂದೇ ಕೆಲಸವೆಂದರೆ ಗಾಜು ಒರೆಸುವುದು, ಅದನ್ನೇ ಕೆಡಿಸಿದೆನೆಂದು ಹೇಗೆ ಹೇಳುವುದು? ಸುಮ್ಮನಿದ್ದೆ.

ವಾರದಲ್ಲಿ ಅವಳ ಫೋನು ಬಂತು. “ಅಕ್ಕಾ, ಖಾಲಾನ ಮನಿ ಕಡಿಂದ ಬೆಳಕು ಬರಾಕತ್ತೈತಿ. ಚಿತ್ರದ ಆ ಮಗ್ಗಲೆಲ್ಲ ಮಂಜು ಕವದಂಗ. ಬಲ್ಬು ಬದಲು ಮಾಡ್ಯಾಳೇನು?”

“ನನಗೇನ ಗೊತ್ತವ್ವಾ,” ಎಂದೆ.

ಗೊತ್ತಿತ್ತು. ಅದೇ ಹಳೆಯ ಬಲ್ಬು. ಗುಮ್ಮಟ ತಿಳಿಯಾಗಿದ್ದಾಗ ಅದರ ಬೆಳಕು ಪಕ್ಕದಿಂದ ಬಂದು ಪಕ್ಕಕ್ಕೇ ಹಾದುಹೋಗುತ್ತಿತ್ತು, ಲೆನ್ಸಿಗೆ ತಾಗುತ್ತಿರಲಿಲ್ಲ. ಈಗ ಒಂದೊಂದು ಗೆರೆಯೂ ಅದನ್ನು ಹಿಡಿದು ಒಳಗೆ ಚೆಲ್ಲುತ್ತಿತ್ತು. ಈ ಲೆಕ್ಕವೆಲ್ಲ ನನಗೆ ತಿಳಿದದ್ದು ಆಮೇಲೆ. ಆದರೆ ಕಾರಣ ನನ್ನ ಬೂದಿಯೇ ಎಂದು ತಿಳಿಯಲು ಲೆಕ್ಕ ಬೇಕಿರಲಿಲ್ಲ.

ತಂಗಿ ರಜೆ ಹಾಕಿ ಬಂದಳು. ಬೆಳಿಗ್ಗೆ ಖಾಲಾ ಕಟ್ಟೆಯ ಮೇಲೆ ಕೂತು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ತಂಗಿ ಅಳುಕುತ್ತಲೇ ಕೇಳಿದಳು, ಚಂದ್ರನಿಲ್ಲದ ದಿನಗಳಲ್ಲಿ ಬಲ್ಬು ಆರಿಸಲಾದೀತೇ ಎಂದು.

“ಅರೇ, ಈ ಬಲ್ಬು ಹಾಕಿ ಜಮಾನಾ ಆತು. ನಿನ್ನ ಗುಂಬಜಿಗೆ ಈಗ ಕಣ್ಣ ಬಂದಾವೇನು?”

“ಮೊದಲ ಬರ್ತಿದ್ದಿಲ್ಲ ಖಾಲಾ ಈ ಬೆಳಕು. ಚಳಿಗಾಲದ ಗಾಳ್ಯಾಗ ಹೆಂಗೋ ಚದರಾಕತ್ತೈತಿ. ಒಂದು ಚಳಿಗಾಲ ಅಷ್ಟ.”

ಖಾಲಾ ನನ್ನ ಕಡೆ ನೋಡಿದಳು. “ನೀ ಏನ್ ಅಂತೀ? ದಿನಾ ಮಾಳಗಿ ಹತ್ತಾಕಿ ನೀನು.”

ನಾನು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದೆ. “ಆಕಿ ಕಲತಾಕಿ, ಆಕಿಗೆ ಗೊತ್ತಿರ್ತೈತಿ” ಎಂದೆ. ಮೊರದಿಂದ ಕಣ್ಣೆತ್ತಲಿಲ್ಲ.

“ಹೋಗ್ಲಿ ಬಿಡು. ನಮ್ಮ ಹುಡುಗಿ ಡಾಕ್ಟರ್ ಆಗೂದಿದ್ರ ನಾ ಕತ್ತಲಾಗ ಕೂಡ್ತೀನಿ. ಆಮ್ಯಾಲ ಊರೆಲ್ಲ ಹೇಳ್ಕೋತ ತಿರಗ್ತೀನಿ, ಆಕಿನ್ನ ಡಾಕ್ಟರ್ ಮಾಡಿದ್ದು ನನ್ನ ಬಲ್ಬು ಅಂತ.”

ಬಲ್ಬು ಆರಿತು. ಚಿತ್ರದಲ್ಲಿ ಮಂಜು ಅಷ್ಟಿಷ್ಟು ಇಳಿಯಿತು. ತಂಗಿಗೆ ತನ್ನ ಊಹೆ ಸರಿಯೆಂದು ಖಾತ್ರಿಯಾಯಿತು. ಆದರೂ ಆಕಾಶ ಇರಬೇಕಾದದ್ದಕ್ಕಿಂತ ಬೆಳ್ಳಗೆ ಬರುತ್ತಿದೆ ಎಂದು ಆಗಾಗ ಫೋನಿನಲ್ಲಿ ಗೊಣಗುತ್ತಿದ್ದಳು. ನಕ್ಷತ್ರದ ಬೆಳಕನ್ನೂ ಆ ಗೆರೆಗಳು ಚೆಲ್ಲುತ್ತಿದ್ದವಲ್ಲ.

ನಾನು ಮಾಡಿದ ಇನ್ನೂ ದೊಡ್ಡ ತಪ್ಪು ಇಲ್ಲಿದೆ. ಗೆರೆಗಳನ್ನು ತಿಕ್ಕಿಯೇ ತೆಗೆಯುತ್ತೇನೆಂದು ಹೊರಟೆ. ಹಂಚಿಗೆ ಗೀರು ಬಿದ್ದರೆ ಇನ್ನೂ ನುಣುಪಿನ ಬೂದಿಯಿಂದ ತಿಕ್ಕಿದರೆ ಸಮವಾಗುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಮುಂದಿನ ತಿಂಗಳ ಛಟ್ಟಿ ಅಮಾವಾಸ್ಯೆಗೆ ಬೂದಿಯನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ತಿಕ್ಕಿದೆ. ಅದರ ಮುಂದಿನ ಎಳ್ಳಮಾವಾಸ್ಯೆಗೆ ಇನ್ನೂ ನುಣುಪಾಗಿ ಸೋಸಿದೆ. ಓಣಿಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು. ನಾನೊಬ್ಬಳೇ ಮಾಳಿಗೆಯ ಮೇಲೆ ಕೂತು, ಕಳ್ಳಿಯಂತೆ ಆಚೀಚೆ ನೋಡುತ್ತಾ ತಿಕ್ಕುತ್ತಿದ್ದೆ. ಒಂದು ಗೆರೆ ಮಾಸಿದರೆ ನಾಲ್ಕು ಹೊಸದು ಏಳುತ್ತಿದ್ದವು. ಗುಮ್ಮಟಕ್ಕೆ ಮುದುಕರ ಕಣ್ಣಿಗೆ ಬರುವಂತಹ ಪೊರೆ ಬಂದಿತ್ತು.

ಎಳ್ಳಮಾವಾಸ್ಯೆ ಕಳೆದು ಎರಡು ದಿನಕ್ಕೆ ಖಾಲಾ ಬಿದ್ದಳು.

ಶಹಾಪುರದ ಸಂತೆಗೆ ಮೊದಲ ಬಸ್ಸು ಹಿಡಿಯಲು ಅವಳು ಬೆಳಕು ಹರಿಯುವ ಮುಂಚೆ ಇಳಿಯುತ್ತಿದ್ದಳು, ಬಗಲಲ್ಲಿ ಬಳೆಯ ಪೆಟ್ಟಿಗೆ. ಕೂಗು ಕೇಳಿ ಓಡಿದೆ. ಮೆಟ್ಟಿಲ ನಡುವೆ ಕೂತಿದ್ದಳು, ಬಲಗೈ ಮಡಿಲಲ್ಲಿಟ್ಟುಕೊಂಡು. ಮಣಿಕಟ್ಟು ಸೊಟ್ಟಗಾಗಿತ್ತು. “ಬಳಿ ನೋಡು, ಮೊದಲ ಬಳಿ ನೋಡು” ಎನ್ನುತ್ತಿದ್ದಳು. ಅವಳನ್ನು ಆಟೊದಲ್ಲಿ ದವಾಖಾನೆಗೆ ಕರೆದೊಯ್ದು, ಪ್ಲಾಸ್ಟರು ಹಾಕಿಸಿ, ಮನೆಯಲ್ಲಿ ಮಲಗಿಸಿ, ಆಮೇಲೆ ನಾನೊಬ್ಬಳೇ ಬಂದು ಮೆಟ್ಟಿಲ ಮೇಲಿನ ಚೂರುಗಳನ್ನು ಆರಿಸಿದೆ. ಹಸಿರು, ಕೆಂಪು. ತಂಗಿ ಅಳೆಯುತ್ತಿದ್ದದ್ದೂ ಅವೇ ಎರಡು ಬಣ್ಣ. ಬಿಸಿಲೇರಿದಂತೆ ಬಂಡೆಯ ತುಂಬ ಸಣ್ಣ ಸಣ್ಣ ಚೂರು ಮಿಂಚುತ್ತಿದ್ದವು, ಎಷ್ಟು ಆರಿಸಿದರೂ ಉಳಿಯುತ್ತಿದ್ದವು.

ಬಳೆ ತೊಡಿಸುವವಳ ಬಂಡವಾಳ ಬಲಗೈ ಹೆಬ್ಬೆರಳು. ಗಿರಾಕಿಯ ಅಂಗೈಯನ್ನು ಒತ್ತಿ, ಎಲುಬು ಮಡಿಸಿ, ಬಿಗಿ ಬಳೆಯನ್ನು ನೋವಿಲ್ಲದೆ ಇಳಿಸುವುದು ಅದರಿಂದ. ಪ್ಲಾಸ್ಟರು ಬಿಚ್ಚಿದ ಮೇಲೆ ಖಾಲಾಳ ಹೆಬ್ಬೆರಳಿಗೆ ಹಿಡಿತ ಬರಲಿಲ್ಲ.

ಖಾಲಾ ಬಿದ್ದ ಸುದ್ದಿ ಕೇಳಿ ಅದೇ ವಾರ ತಂಗಿ ಹಣ್ಣು ತೆಗೆದುಕೊಂಡು ಬಂದಳು. ಖಾಲಾಳ ಕಾಲ ಬಳಿ ನೆಲದ ಮೇಲೆ ಕೂತು, “ನನ್ನಿಂದ ಆತು ಖಾಲಾ, ನಾ ಬಲ್ಬು ಆರಸು ಅಂತ ಹೇಳಿದ್ದಕ್ಕ ಆತು” ಎಂದು ಅತ್ತಳು. ಖಾಲಾ ಎಡಗೈಯಿಂದ ಅವಳ ತಲೆ ಸವರಿದಳು. “ತೌಬಾ, ಹಂಗನಬ್ಯಾಡ. ನನಗ ವಯಸ್ಸಾತು, ಕಾಲ ಜಾರ್ತು.” ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ತಪ್ಪನ್ನು ನನ್ನ ತಂಗಿ ತನ್ನ ತಲೆಯ ಮೇಲೆ ಹೊತ್ತುಕೊಳ್ಳುವುದನ್ನು ನೋಡಿದೆ. ನೋಡುತ್ತಾ ನಿಂತೆ. ಗುಮ್ಮಟಕ್ಕೆ ಬೂದಿ ಹಚ್ಚಿದ್ದಕ್ಕೆ ಗೊತ್ತಿಲ್ಲದೆ ಮಾಡಿದೆ ಎನ್ನಬಹುದು. ಆ ಬಾಗಿಲಲ್ಲಿ ನಿಂತದ್ದಕ್ಕೆ ಏನು ಹೇಳಲಿ?

ಮರುದಿನ ಮಧ್ಯಾಹ್ನ ತಂಗಿ ಸ್ಕ್ರೂಡ್ರೈವರು ಹಿಡಿದು ಮಾಳಿಗೆ ಹತ್ತಿದಳು. “ಸಾಕಕ್ಕಾ. ಇದನ್ನ ಬಿಚ್ಚಿ ಒಯ್ತೀನಿ. ಒಬ್ಬಾಕಿ ಕೈ ಮುರದು ನಾ ಪದವಿ ತಗೊಳ್ಳೂದು ಬ್ಯಾಡ.” ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ ಗುಮ್ಮಟವನ್ನು ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಅದನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು.

“ಏನಿದು? ಮಂಗ್ಯಾ ಏನರ ಕೆರದಾವೇನು?”

ಗುಡ್ಡದ ಮಂಗಗಳು ನಮ್ಮ ಮಾಳಿಗೆಗೆ ದಿನಾ ಬರುತ್ತವೆ, ಒಣಗಲಿಟ್ಟ ರೊಟ್ಟಿ ಒಯ್ಯುತ್ತವೆ. ಹೌದು ಎಂದರೆ ಸಾಕಿತ್ತು. ಅವಳೇ ಸುಳ್ಳನ್ನು ನನ್ನ ಕೈಗೆ ಕೊಟ್ಟಂತಿತ್ತು. ಆದರೆ ಅವಳು ಸ್ಕ್ರೂಗಳನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು, ಎಲ್ಲ ಮುಗಿಸಿಬಿಡುವವಳಂತೆ.

“ಮಂಗ್ಯಾ ಅಲ್ಲವ್ವಾ. ನಾನು,” ಎಂದೆ. “ಬೂದಿ ಹಚ್ಚಿ ತಿಕ್ಕಿದೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ದೀಪಾವಳಿ, ಕಲೆ, ಹೂ, ಓರೆ ಬಿಸಿಲು.

“ದೀಪಾವಳಿ ಅಮಾಸಿ ದಿನಾನ?” ಅವಳ ದನಿಯಲ್ಲಿ ಸಿಟ್ಟಿಗಿಂತ ಮೊದಲು ಆಸೆ ಬಂತು. “ಅಕ್ಕಾ, ಹಂಗಾದ್ರ ಉಳಸಬಹುದು. ಈ ಗೆರಿ ಎಷ್ಟು ಬೆಳಕು ಚೆಲ್ತಾವ ಅಂತ ಅಳದು, ಆವತ್ತಿನಿಂದ ಎಲ್ಲಾದ್ರಾಗ ಅಷ್ಟು ಕಳದ್ರಾತು. ಒಮ್ಮೆ ತಿಕ್ಕಿದ್ದಲ್ಲ?”

ನಾನು ಸೆರಗಿನಿಂದ ಕೈ ಒರೆಸಿಕೊಂಡೆ.

“ಅಕ್ಕಾ. ಒಮ್ಮೆ ತಿಕ್ಕಿದ್ದಲ್ಲ?”

“ಪ್ರತಿ ಅಮಾಸಿಗೂ ತಿಕ್ಕೀನಿ. ನಡಬರಕ ಒಂದೆರಡ ಸಲನೂ. ಹೋಗ್ತಾವೇನೋ ಅಂತ.”

ಅವಳು ನೀರಿನ ಟಾಕಿಯ ನೆರಳಿನಲ್ಲಿ ಕುಸಿದು ಕೂತಳು. ಪ್ರತಿ ಸಲ ತಿಕ್ಕಿದಾಗಲೂ ಗೆರೆ ಬದಲಾಗಿವೆ, ಹಿಂದಿನ ಗುಮ್ಮಟ ಹೇಗಿತ್ತೆಂದು ಈಗ ಯಾರೂ ಅಳೆಯಲಾರರು. ಆ ಚಳಿಗಾಲ ಹೋಯಿತು. ಬೂದಿಗಿಂತ ನನ್ನ ಮೌನ ಅದನ್ನು ಹಾಳುಮಾಡಿತು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಗುಮ್ಮಟವನ್ನು ತೊಡೆಯ ಮೇಲಿಟ್ಟುಕೊಂಡು, “ಓದಿಲ್ಲ ಅಂತ ಬೈತೀನಿ ಅನಕೊಂಡ್ಯಾ?” ಎಂದಳು.

“ಹೂಂ.”

“ಕಂದೀಲ ಗಾಜು ಒರಸಾಕಿ ನೀನು. ನಿನಗ ನಾ ಹಂಗ ಅಂತೀನೇನು?” ಕಣ್ಣು ಒರೆಸಿಕೊಂಡು ಎದ್ದಳು. “ನನ್ನದು ಬಿಡು, ಇನ್ನೊಂದು ಚಳಿಗಾಲ ಬರ್ತೈತಿ. ಖಾಲಾಗ ನೀನ ಹೇಳಬೇಕು. ನಾ ಹೇಳಂಗಿಲ್ಲ.”

ಆಗಲೇ ಹೋದೆ. ತಡಮಾಡಿದರೆ ಹೋಗುತ್ತಿರಲಿಲ್ಲ. ಖಾಲಾ ಮಂಚದ ಮೇಲೆ ಕೂತು ಎಡಗೈಯಿಂದ ವೀಳ್ಯದೆಲೆ ಮಡಿಸಲು ಹೆಣಗುತ್ತಿದ್ದಳು. ನಿಂತೇ ಹೇಳಿದೆ. ಅವಳು ಎಲೆ ಕೆಳಗಿಟ್ಟಳು.

“ಅಂದ್ರ ಬಲ್ಬಿಂದ ಏನೂ ತಪ್ಪಿದ್ದಿಲ್ಲ?”

“ಇದ್ದಿಲ್ಲ ಖಾಲಾ.”

“ತಿಂಥಣಿ ಮೌನಪ್ಪನ ಆಣಿ ಮಾಡಿ ಹೇಳು.”

ಎರಡೂ ಮನೆಯವರು ನಡೆದುಕೊಳ್ಳುವ ದೇವರು ಅವನು. ಆಣೆ ಮಾಡಿದೆ.

“ಅವತ್ತು ಕೇಳಿದ್ನಲ್ಲ ನಿನಗ. ನೀ ಏನ್ ಅಂತೀ ಅಂತ. ಮೊರದಾಗ ಏನ್ ಹುಡುಕಾಕತ್ತಿದ್ದಿ, ಬಂಗಾರನ?”

ಅವಳು ಬಯ್ಯಲಿಲ್ಲ, ಅದು ಇನ್ನೂ ಕಷ್ಟವಾಯಿತು. “ಬಲ್ಬು ಹಚ್ಚು,” ಎಂದಳು. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು. ಹಚ್ಚಿದೆ. ಉರಿಯುತ್ತಿದೆಯೋ ಇಲ್ಲವೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಬೇಕಾಯಿತು. “ಇರಲಿ. ಆರಿಸಬ್ಯಾಡ.”

ಅವಳು ಅದನ್ನು ಆರಿಸಲೇ ಇಲ್ಲ. ಶಿವರಾತ್ರಿ ಹೋಯಿತು, ಬೇಸಿಗೆ ಬಂತು, ಬಲ್ಬು ಹಗಲೂ ರಾತ್ರಿ ಉರಿಯಿತು. ಓಣಿಯವರು “ಮುದುಕಿಗೆ ಅರವು ಮರವು” ಎಂದು ನಕ್ಕರು. ನಾನು ಮಾಳಿಗೆಯ ಮೇಲೆ ರೊಟ್ಟಿ ಹರಡುವಾಗ ದಿನಾ ಅದನ್ನು ನೋಡುತ್ತಿದ್ದೆ. ಬಿಸಿಲಿನಲ್ಲಿ ಬೇರೆ ಯಾರಿಗೂ ಕಾಣದ ಆ ಬೆಳಕು ನನಗೊಬ್ಬಳಿಗೆ ಕಾಣುತ್ತಿತ್ತು. ಖಾಲಾ ನನ್ನೊಡನೆ ಮಾತು ಬಿಟ್ಟಿರಲಿಲ್ಲ. ಆದರೆ ನನ್ನ ಹೆಸರು ಹಿಡಿದು ಕರೆಯುವುದನ್ನು ಬಿಟ್ಟಳು. “ಏ ಬೂದಿ” ಎನ್ನುತ್ತಿದ್ದಳು. ಈಗಲೂ ಹಾಗೇ ಅನ್ನುತ್ತಾಳೆ.

ಮುಂದಿನ ದೀಪಾವಳಿಗೆ ತಂಗಿ ಹೊಸ ಗುಮ್ಮಟ ತಂದಳು. ಕೂರಿಸಿ ಆದ ಮೇಲೆ ನನ್ನ ಕೈಗೆ ಒಂದು ಮೆತ್ತನೆಯ ಬಟ್ಟೆ, ಸಂಗಡ ಬ್ಯಾಟರಿ ಅಂಗಡಿಯ ಶುದ್ಧ ನೀರಿನ ಕ್ಯಾನು ಕೊಟ್ಟಳು. ಮತ್ತೆ ನನ್ನ ಕೈಗೇ ಕೊಡುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. “ಪೂಜಿ ಮಾಡೂದಿದ್ರ ಕಾಲಿಗೆ ಮಾಡು, ಕಣ್ಣಿಗೆ ಬ್ಯಾಡ” ಎಂದಷ್ಟೇ ಹೇಳಿದಳು. ಆಮೇಲೆ ಖಾಲಾಳ ಮನೆಗೆ ಹೋಗಿ, ಬಲ್ಬು ಉರಿದರೂ ಅಳತೆಗೆ ಏನೂ ತೊಂದರೆಯಿಲ್ಲ, ಆರಿಸುವುದು ಬೇಡ ಎಂದು ಬಿಡಿಸಿ ಹೇಳಿದಳು.

“ಒಮ್ಮೆ ಆರಸು ಅಂತೀರಿ, ಒಮ್ಮೆ ಹಚ್ಚು ಅಂತೀರಿ,” ಎಂದು ಖಾಲಾ ಗದರಿದಳು. “ನಿಮ್ಮ ಮನ್ಯಾಗಿನ ಮಾತು ನಂಬಿ ನನ್ನ ಕೈ ಹೋತು, ಇನ್ನ ನಂಬಂಗಿಲ್ಲ. ಅಮಾಸಿ ಬಂದ್ರ ಆರಸೂದ ಸೈ. ಆ ದಿನ ಈಕಿ ಬಂದು ನನ್ನ ಕೆಳಗ ಇಳಸಲಿ. ಏ ಬೂದಿ, ಕೇಳಿಸ್ತೇನು?”

ಕೇಳಿಸಿತು. ಅಂದಿನಿಂದ ಚಂದ್ರನಿಲ್ಲದ ವಾರದಲ್ಲಿ ಸಂತೆಯಿದ್ದರೆ ಬೆಳಕು ಹರಿಯುವ ಮುಂಚೆ ಅವಳ ಬಾಗಿಲಲ್ಲಿ ನಿಲ್ಲುತ್ತೇನೆ. ಈಗ ಅವಳು ಬಳೆ ಮಾರುತ್ತಾಳಷ್ಟೇ, ತೊಡಿಸುವುದಿಲ್ಲ. ಬಳೆಯ ಪೆಟ್ಟಿಗೆ ನನ್ನ ತಲೆಯ ಮೇಲೆ, ಅವಳ ಎಡಗೈ ನನ್ನ ಭುಜದ ಮೇಲೆ. ಬಲಗೈಯನ್ನು ಅವಳು ಸೆರಗಿನೊಳಗೆ ಬೆಚ್ಚಗಿಟ್ಟುಕೊಂಡಿರುತ್ತಾಳೆ, ಚಳಿಗೆ ಅದು ನೋಯುತ್ತದೆ. ಹಿಂದೆ ಮಾಳಿಗೆಯ ಮೇಲೆ ಗುಮ್ಮಟ ಇನ್ನೂ ಆಕಾಶ ನೋಡುತ್ತಿರುತ್ತದೆ.

ಮೊದಲ ಸಲ ಹಾಗೆ ಇಳಿಯುವಾಗ ಎರಡನೇ ಮೆಟ್ಟಿಲಲ್ಲಿ ಖಾಲಾ ನಿಂತಳು.

“ಮೆಟ್ಟಲ ಕಾಣ್ತಾವೇನು ನಿನಗ?”

“ಕಾಣವಲ್ಲವು ಖಾಲಾ.”

“ನಿಜ ಹೇಳಿದಿ ಇವತ್ತು,” ಎಂದು ಅವಳು ನನ್ನ ಭುಜವನ್ನು ಮುಂದಕ್ಕೆ ನೂಕಿದಳು. “ಹಂಗಾದ್ರ ಮೊದಲ ನೀ ಕಾಲಿಡು. ನೀ ಬಿದ್ರ ನನಗ ಗೊತ್ತಾಗ್ತೈತಿ.”